ಫಾರ್ಮ್ಯಾಟ್ ಮಾಡದೆಯೇ ಡಿಸ್ಕನ್ನು ಎನ್‌ಟಿಎಫ್‌ಎಸ್ ಮಾಡಿಕೊಂಡೆ

ಗೋಣಿಕೊಪ್ಪಲಿನಲ್ಲಿ ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಕೊಡವರ ಮದುವೆ ಇರುವುದಿಲ್ಲ, ಹಾಗಾಗಿ ಬಾಕಿ ಬಿದ್ದದ್ದನ್ನೆಲ್ಲ ನಾನು ಮುಗಿಸುವುದು ಆಗಲೇ. ಹಾಗೆ ಮುಗಿಸಿದ ಒಂದು ಮದುವೆಯ ವಿಡಿಯೊವನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಹೋದರೆ, ಫೈಲ್ ತೀರಾ ದೊಡ್ಡದು ಎಂದು ವಿಂಡೋಸ್ ತಕರಾರು ತೆಗೆಯಿತು. ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಇತ್ತು. ಪ್ರಾಪರ್ಟೀಸ್ ತೆರೆದಾಗ ಗೊತ್ತಾಯಿತು, ಅದು ಫ್ಯಾಟ್32, ಅಂದರೆ ಡಿಸ್ಕು ತನ್ನ ಫೈಲುಗಳ ಲೆಕ್ಕ ಇಡುವ ಒಂದು ಹಳೆಯ ವ್ಯವಸ್ಥೆ. 1996ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಯಾವ ಫೈಲೂ 4 ಜಿಬಿ ಮುಟ್ಟುವಂತಿಲ್ಲ.

ಗೆಳೆಯರೆಲ್ಲ ಹೇಳಿದ್ದು ಒಂದೇ: ಕಾಪಿ ತೆಗೆದಿಟ್ಟು ಫಾರ್ಮ್ಯಾಟ್ ಹೊಡಿ, ಮತ್ತೆ ತುಂಬು. ನನಗೆ ಅದು ಒಗ್ಗಲಿಲ್ಲ. ಫಾರ್ಮ್ಯಾಟ್ ಒತ್ತಿದ ಗಳಿಗೆಯಿಂದ ವಾಪಸು ತುಂಬಿ ಮುಗಿಯುವವರೆಗೆ ಜನರ ಮದುವೆಗಳೆಲ್ಲ ಒಂದೇ ಕಾಪಿಯಲ್ಲಿ ನೇತಾಡುತ್ತಿರುತ್ತವೆ. 4 ಜಿಬಿಯ ಆ ಮಿತಿ ಇಲ್ಲದ ವ್ಯವಸ್ಥೆ ಎನ್‌ಟಿಎಫ್‌ಎಸ್; ಫ್ಯಾಟ್32 ಡಿಸ್ಕನ್ನು ಅದಕ್ಕೆ ಬದಲಿಸಲು ವಿಂಡೋಸಿನಲ್ಲೇ ಇರುವ ಕನ್ವರ್ಟ್ ಕಮಾಂಡಿನಲ್ಲಿ ಫೈಲುಗಳು ಇದ್ದಲ್ಲೇ ಇರುತ್ತವೆ. ತೋಟ ಅಲುಗದೆ ಪಹಣಿ ಮಾತ್ರ ಹೊಸದಾದ ಹಾಗೆ. ಹೊಸ ಲೆಕ್ಕವನ್ನು ಅದು ಖಾಲಿ ಜಾಗದಲ್ಲಿ ಬರೆದುಕೊಳ್ಳುತ್ತದೆ, ಹಾಗಾಗಿ ತುಂಬಿ ತುಳುಕುವ ಡಿಸ್ಕಿನ ಮೇಲೆ ಇದು ನಡೆಯುವುದಿಲ್ಲ. ಹಾಗೆಂದು ಕಾಪಿ ಬೇಡ ಎಂದಲ್ಲ. ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಇಳಿಸಿ, ಎರಡೂ ಕಡೆ ಫೈಲುಗಳ ಸಂಖ್ಯೆ, ಒಟ್ಟು ಬೈಟು ತಾಳೆ ನೋಡಿ, ನಾಲ್ಕಾರು ವಿಡಿಯೊ ಓಡಿಸಿ ನೋಡಿದ ಮೇಲೆಯೇ ಮುಂದಿನ ಕೆಲಸ.

ನನ್ನ ನಿಜವಾದ ತಲೆನೋವು ಕರೆಂಟು. ನಮ್ಮಲ್ಲಿ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತೆಂದರೆ ಮತ್ತೆ ಯಾವಾಗ ಬರುತ್ತದೋ ಹೇಳಲಾಗದು. ಕನ್ವರ್ಟ್ ನಡುವೆ ಕರೆಂಟ್ ಹೋದರೆ ಡಿಸ್ಕಿನ ಗತಿ ದೇವರೇ ಬಲ್ಲ. ಅದಕ್ಕೇ ಎಡಿಟಿಂಗ್ ಡೆಸ್ಕ್‌ಟಾಪನ್ನು ಮುಟ್ಟದೆ, ಬ್ಯಾಟರಿ ಪೂರ್ತಿ ತುಂಬಿದ ಲ್ಯಾಪ್‌ಟಾಪ್ ಬಳಸಿದೆ. ನನ್ನ ಡಿಸ್ಕಿಗೆ ಯುಎಸ್‌ಬಿ ವೈರಿನಿಂದಲೇ ಕರೆಂಟು, ಬೇರೆ ಅಡಾಪ್ಟರ್ ಬೇಡ. ಸ್ಲೀಪ್ ಆಫ್ ಮಾಡಿದೆ. ವೈರಿಗೆ ಯಾರ ಕಾಲೂ ತಗಲದಂತೆ ಮೇಜನ್ನು ಗೋಡೆಗೆ ಸರಿಸಿದೆ.

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮೊದಲು ಚೆಕ್‌ಡಿಸ್ಕ್ (chkdsk) ಓಡಿಸಿದೆ, ಜೊತೆಗೆ ಕಂಡ ದೋಷ ಸರಿಪಡಿಸುವ /ಎಫ್. ಡಿಸ್ಕಿನಲ್ಲಿ ದೋಷ ಕಂಡರೆ ಕನ್ವರ್ಟ್ ಮುಂದಕ್ಕೆ ಹೋಗುವುದಿಲ್ಲ. ಆಮೇಲೆ ಕನ್ವರ್ಟ್, ಡ್ರೈವ್ ಅಕ್ಷರ, ಕೋಲನ್, /ಎಫ್‌ಎಸ್:ಎನ್‌ಟಿಎಫ್‌ಎಸ್, ಇಷ್ಟೇ. ಡ್ರೈವಿನ ಈಗಿನ ಲೇಬಲ್, ಅಂದರೆ ಹೆಸರು, ಏನು ಎಂದು ಕೇಳುತ್ತದೆ, ಇದ್ದ ಹಾಗೆಯೇ ಟೈಪ್ ಮಾಡಬೇಕು. ಕಿರಿಕಿರಿ ಅನ್ನಿಸಬಹುದು, ಆದರೆ ಬೇರೆ ಡ್ರೈವಿನ ಅಕ್ಷರ ಕೊಟ್ಟಿದ್ದರೆ ಸಿಕ್ಕಿಬೀಳುವುದು ಇಲ್ಲೇ. ಡಿಸ್ಕಿನ ಯಾವುದಾದರೂ ಫೋಲ್ಡರ್ ತೆರೆದಿದ್ದರೆ ಅದೂ ಅಡ್ಡ ಬರುತ್ತದೆ, ಮೊದಲೇ ಎಲ್ಲ ಮುಚ್ಚಿಡಿ.

ಕಾಪಿ ತೆಗೆಯಲು ಹಿಡಿದ ಹೊತ್ತಿನ ಮುಂದೆ ಕನ್ವರ್ಟ್ ಹಿಡಿದ ಹೊತ್ತು ಏನೂ ಅಲ್ಲ. ಡ್ರೈವ್ ಅಕ್ಷರ, ಫೋಲ್ಡರುಗಳು ಹಾಗೇ ಇದ್ದದ್ದರಿಂದ ಹಳೆಯ ಎಡಿಟಿಂಗ್ ಪ್ರಾಜೆಕ್ಟುಗಳು ತಮ್ಮ ಕ್ಲಿಪ್ಪುಗಳನ್ನು ತಾವೇ ಹುಡುಕಿಕೊಂಡವು. ತಕರಾರು ತೆಗೆಸಿದ ವಿಡಿಯೊ ಈಗ ಸಲೀಸಾಗಿ ಒಳಹೋಯಿತು.

ಇದು ಒಮ್ಮುಖ ದಾರಿ ಎಂಬುದು ನೆನಪಿರಲಿ. ಫ್ಯಾಟ್32ಗೆ ಮರಳಬೇಕಾದರೆ ಫಾರ್ಮ್ಯಾಟೇ ಗತಿ. ಮ್ಯಾಕ್ ಕಂಪ್ಯೂಟರ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ಬೇರೆ ತಂತ್ರಾಂಶ ಹಾಕದೆ ಬರೆಯುವುದಿಲ್ಲ. ಎರಡೂ ಕಡೆ ಬರೆಯಲು ಎಕ್ಸ್‌ಫ್ಯಾಟ್ ಅನುಕೂಲ, ಆದರೆ ಕನ್ವರ್ಟ್ ಕಮಾಂಡಿಗೆ ಅದು ಗೊತ್ತಿಲ್ಲ. ಮ್ಯಾಕ್ ಇಟ್ಟುಕೊಂಡ ಗಿರಾಕಿಗಳಿಗೆಂದೇ ಒಂದು ಖಾಲಿ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟಿಗೆ ಫಾರ್ಮ್ಯಾಟ್ ಮಾಡಿ ಇಟ್ಟಿದ್ದೇನೆ.