ಉಚಿತ ಆಪರೇಷನ್ ಮತ್ತು ಎರಡು ಆಡು

ಕೆಲವು ವರ್ಷ ನಾನು ಕ್ಲೇಮ್ ಆಡಿಟ್ ಮಾಡಿದೆ. ಹೆಸರು ದೊಡ್ಡದು, ಕೆಲಸ ಮಾತ್ರ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಯಾರದ್ದೋ ಎಕ್ಸ್-ರೇ ನೋಡುವುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಖಾಸಗಿ ಆಸ್ಪತ್ರೆಗಳು ಕಳಿಸುವ ಬಿಲ್ಲು ಸರಿ ಇದೆಯಾ ಅಂತ ನೋಡುವ ಡಾಕ್ಟರುಗಳಲ್ಲಿ ನಾನೂ ಒಬ್ಬ.

ಆರೋಗ್ಯ ಕರ್ನಾಟಕ ಶುರುವಾಗಿದ್ದು 2018ರ ಮಾರ್ಚ್‌ನಲ್ಲಿ. ಅದೇ ವರ್ಷ ಅದು ಕೇಂದ್ರದ ಆಯುಷ್ಮಾನ್ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) ಶೇ. 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷ ಮೀರದಂತೆ. ಈ ಶೇ. 30 ನೆನಪಿರಲಿ, ಮುಂದೆ ಬರುತ್ತದೆ.

ಮೊದಮೊದಲು ಕಳ್ಳತನವೆಲ್ಲ ಕಾಗದದಲ್ಲೇ ಸಿಗುತ್ತದೆ ಅಂದುಕೊಂಡಿದ್ದೆ. ಸಿಗುತ್ತಿತ್ತು ಕೂಡ. ಒಂದೇ ಎಕ್ಸ್-ರೇ ಇಬ್ಬರು ರೋಗಿಗಳ ಹೆಸರಲ್ಲಿ. ಗಂಡಸಿನ ಸ್ಕ್ಯಾನಿಂಗ್ ವರದಿಯಲ್ಲಿ 'ಗರ್ಭಕೋಶ ಸಹಜವಾಗಿದೆ' ಎಂಬ ಸಾಲು. (ಇದು ಕಳ್ಳತನವೇ ಆಗಬೇಕೆಂದಿಲ್ಲ, ಟೈಪ್ ಮಾಡುವವರ ಕಾಪಿ-ಪೇಸ್ಟ್ ಇರಬಹುದು.) ಅನುಮಾನ ಬಂದರೆ ಕ್ವೆರಿ ಹಾಕುವುದು, ಉತ್ತರ ಸರಿ ಇಲ್ಲದಿದ್ದರೆ ತಿರಸ್ಕರಿಸುವುದು. ಅಷ್ಟೇ.

ಹಾಗೆ ತಿರಸ್ಕರಿಸಿದ ಒಂದು ಕೇಸು ಇವತ್ತಿಗೂ ಚುಚ್ಚುತ್ತದೆ. ಒಂದೇ ರಾತ್ರಿ, ಒಬ್ಬನೇ ಸರ್ಜನ್, ನಾಲ್ಕು ಮೂಳೆ ಆಪರೇಷನ್. ಸುಳ್ಳು ಅಂತ ಮುಚ್ಚಿಬಿಟ್ಟೆ. ಆಮೇಲೆ ಗೊತ್ತಾಯಿತು, ಅವತ್ತು ಕೂಲಿಯವರನ್ನು ತುಂಬಿಕೊಂಡಿದ್ದ ಟೆಂಪೋ ಮಗುಚಿತ್ತು. ಆ ಸಣ್ಣ ಆಸ್ಪತ್ರೆ ಬಿಟ್ಟರೆ ಸುತ್ತ ಬೇರೆ ದಿಕ್ಕಿರಲಿಲ್ಲ. ಅವರ ದುಡ್ಡು ಸೇರಲು ತಿಂಗಳುಗಳೇ ಬೇಕಾದವು. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು, ಅಲ್ವಾ?

ಆಮೇಲೆ ಫೋನ್ ಮಾಡಲು ಶುರು ಮಾಡಿದೆ. ಅದರಲ್ಲೂ ತಾಪತ್ರಯ. ರೋಗಿಯ ನಂಬರ್ ಅಂತ ಬರೆದಿದ್ದಕ್ಕೆ ಕರೆ ಮಾಡಿದರೆ ಎತ್ತುವವನು ಆಸ್ಪತ್ರೆಯ ಹುಡುಗ. 2023ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಬಂದಾಗ, ದೇಶದಲ್ಲಿ ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರಿನ ಮುಂದೆ 9999999999 ಎಂಬ ಒಂದೇ ನಂಬರ್ ಇದೆ ಅಂತ ಓದಿ ನಮ್ಮವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನಂಬರ್ ಸುಳ್ಳಾದರೆ ರೋಗಿಯನ್ನು ಕೇಳುವ ದಾರಿಯೇ ಮುಚ್ಚಿದಂತೆ.

ಹಾಗಾಗಿ ಮನೆಗಳಿಗೇ ಹೋದೆ. ವಾರಕ್ಕೆ ಎರಡು ದಿನ, ರೇಷನ್ ಕಾರ್ಡಿನ ವಿಳಾಸ ಹಿಡಿದು. ಅಲ್ಲೂ ಮೊದಲು ದಡ್ಡತನ ಮಾಡಿದೆ. ಜಗುಲಿ ಮೇಲೆ ಕೂತು, ಫೈಲ್ ತೆಗೆದು, 'ಆಸ್ಪತ್ರೆಯಲ್ಲಿ ದುಡ್ಡು ತಗೊಂಡ್ರಾ?' ಅಂತ ಕೇಳುತ್ತಿದ್ದೆ. ಎಲ್ಲರದ್ದೂ ಒಂದೇ ಉತ್ತರ, 'ಇಲ್ಲ ಸಾರ್.' ಸರ್ಕಾರದವನು ಫೈಲ್ ಹಿಡಿದು ಬಂದರೆ ಇನ್ನೇನು ಹೇಳುತ್ತಾರೆ!

ತುಂಗಭದ್ರಾ ಕಾಲುವೆ ಬದಿಯ ಒಂದು ಹಳ್ಳಿಯಲ್ಲಿ, ತೊಡೆಮೂಳೆಗೆ ಪ್ಲೇಟ್ ಹಾಕಿಸಿಕೊಂಡ ಅಜ್ಜನ ಮನೆಗೆ ಹೋಗಿದ್ದೆ. ಫೈಲ್ ಗಾಡಿಯಲ್ಲೇ ಮರೆತಿತ್ತು. ಚಹಾ ಕುಡಿಯುತ್ತಾ ಸುಮ್ನೆ ಕೇಳಿದೆ, 'ಆಸ್ಪತ್ರೆ ಓಡಾಟಕ್ಕೆ ಏನೇನು ಮಾರಬೇಕಾಯ್ತು?' ಅಜ್ಜನ ಹೆಂಡತಿ ಒಳಗಿನಿಂದಲೇ, 'ಎರಡು ಆಡು ಮಾರಿದ್ವಿ ನೋಡ್ರಿ' ಅಂದರು. ಆಡು ಯಾಕೆ? ಪ್ಲೇಟಿಗೆ. ಬಿಲ್ಲಿಂಗ್ ಕೌಂಟರಿನಲ್ಲಿ 'ಸರ್ಕಾರ ಸ್ವಲ್ಪ ಕೊಡ್ತದ, ಉಳಿದದ್ದು ನಿಮ್ದು' ಅಂದಿದ್ದರಂತೆ.

ಅದು ಎಪಿಎಲ್‌ನವರ ಲೆಕ್ಕ. ಇವರದು ಬಿಪಿಎಲ್ ಕಾರ್ಡು. ಪ್ಲೇಟು, ಔಷಧಿ, ಊಟ ಯಾವುದಕ್ಕೂ ಪೈಸೆ ಕೊಡಬೇಕಿರಲಿಲ್ಲ. ನಿಯಮ ಸುಳ್ಳಲ್ಲ, ಹೇಳಿದ್ದು ಬೇರೆಯವರ ನಿಯಮ. ರಸೀದಿಯೂ ಇತ್ತು, ಆಸ್ಪತ್ರೆಯ ಹೆಸರಲ್ಲಲ್ಲ, ಪಕ್ಕದ ಮೆಡಿಕಲ್ ಸ್ಟೋರಿನದು. ಕಂಪ್ಯೂಟರಿನಲ್ಲಿ ಆ ಕ್ಲೇಮ್ ಅಚ್ಚುಕಟ್ಟಾಗಿತ್ತು. ಎಕ್ಸ್-ರೇ, ಫೋಟೋ, ಸಹಿ ಎಲ್ಲ ಸರಿ. ನಾನೇ ಪಾಸ್ ಮಾಡಿದ್ದೆ.

ಅವತ್ತಿನಿಂದ ಕೇಳುವ ಪ್ರಶ್ನೆಯನ್ನೇ ಬದಲಿಸಿದೆ. ಏನು ಮಾರಿದಿರಿ, ಯಾರ ಹತ್ತಿರ ಸಾಲ ಮಾಡಿದಿರಿ, ಔಷಧಿ ಎಲ್ಲಿಂದ ತಂದಿರಿ. ಕೆಲವರು ಚೀಟಿಗಳನ್ನು ಅಕ್ಕಿ ಡಬ್ಬದೊಳಗಿನಿಂದ ತೆಗೆದುಕೊಟ್ಟರು. ಎರಡನೆಯದು, ಡಿಸ್ಚಾರ್ಜ್ ದಿನ ಆರೋಗ್ಯಮಿತ್ರರ (ಆಸ್ಪತ್ರೆಯಲ್ಲಿ ಯೋಜನೆಯ ರೋಗಿಗಳಿಗೆ ನೆರವಾಗುವವರು) ಮುಂದೆ ರೋಗಿಯ ಕಡೆಯವರೇ ಕೊಟ್ಟ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟು ನೋಡಬೇಕು ಅಂತ ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಅಭ್ಯಾಸ ಮಾಡಿಸಿದೆ. ಸಣ್ಣ ಕೆಲಸ. ಸಾಫ್ಟ್‌ವೇರ್‌ಗಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಅಜ್ಜನ ಹಣ ವಾಪಸ್ ಕೊಡಿಸಲು ದೂರು ಬರೆದೆ. ಹೆಬ್ಬೆಟ್ಟು ಒತ್ತುವ ಮುಂಚೆ ಅವರು ಕೈ ಹಿಂದಕ್ಕೆ ಎಳೆದುಕೊಂಡರು. 'ಪ್ಲೇಟ್ ತೆಗಸಾಕ ಮತ್ತ ಅಲ್ಲಿಗೇ ಹೋಗಬೇಕಲ್ರಿ. ಅವ್ರು ಒಳಗ ಬಿಡ್ತಾರನು?'

ಜಿಲ್ಲಾಸ್ಪತ್ರೆಯ ಮೂಳೆ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ಬರಹೇಳಿದ ಮೇಲೆಯೇ ಅಜ್ಜ ಮಸಿಗೆ ಬೆರಳು ಚಾಚಿದ್ದು.