ವಿಕಲಚೇತನರ ಆರೈಕೆ, ಪುನರ್ವಸತಿ ಕೆಲಸದಲ್ಲಿ ಮುಂದೆ ಬರುವುದು ಹೇಗೆ?

ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ), ತಾಲ್ಲೂಕಿನ ಎಂ.ಆರ್.ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ), ನಗರದ ಯು.ಆರ್.ಡಬ್ಲ್ಯೂ (ನಗರ ಪುನರ್ವಸತಿ ಕಾರ್ಯಕರ್ತ), ವಿಶೇಷ ಶಾಲೆಯ ಆಯಾ, ಮನೆಗೆ ಹೋಗಿ ನೋಡಿಕೊಳ್ಳುವವರು: ಇವರಲ್ಲಿ ಅನೇಕರಿಗೆ ಹತ್ತು ವರ್ಷ ದುಡಿದರೂ ತೋರಿಸಲು ಒಂದು ಪ್ರಮಾಣಪತ್ರ ಇರುವುದಿಲ್ಲ. ಗೌರವಧನದಿಂದ ಸಂಬಳದ ಹುದ್ದೆಗೆ ಹೋಗಬೇಕಾದರೆ ಕೈಗೆ ಪಳಗಿದ ಕೆಲಸವೂ ಬೇಕು, ಅದಕ್ಕೆ ಮಾನ್ಯತೆಯೂ ಬೇಕು.

ಮಾನ್ಯತೆ ಕೊಡುವುದು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ. 1992ರ ಕಾಯ್ದೆಯಡಿ ಅದರ ನೋಂದಣಿಯಿಲ್ಲದೆ ವಿಶೇಷ ಶಿಕ್ಷಕರೆಂದೋ ಬೇರೆ ಪುನರ್ವಸತಿ ವೃತ್ತಿಪರರೆಂದೋ ಕೆಲಸ ಮಾಡಿದರೆ 1 ವರ್ಷದವರೆಗೆ ಜೈಲು, 1000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಊರಲ್ಲಿ ಕೆಲಸ ಮಾಡುವವರಿಗೆ ಮೊದಲ ಮೆಟ್ಟಿಲಾಗಿ ಹೊಂದುವುದು 6 ತಿಂಗಳ ಸಿ.ಬಿ.ಐ.ಡಿ. (ಸಮುದಾಯ ಆಧಾರಿತ ಸಮನ್ವಯ ಅಭಿವೃದ್ಧಿ) ಕೋರ್ಸು. ಆರ್‌ಸಿಐ ಮತ್ತು ಮೆಲ್ಬರ್ನ್ ವಿಶ್ವವಿದ್ಯಾಲಯ ಸೇರಿ ರೂಪಿಸಿದ ಇದು 2021ರ ಮೇ ತಿಂಗಳಲ್ಲಿ ಶುರುವಾಯಿತು; ಪಾಸಾದವರನ್ನು 'ದಿವ್ಯಾಂಗ ಮಿತ್ರ' ಎನ್ನುತ್ತಾರೆ. ಪಿಯುಸಿ ಆಗಿದ್ದು ಮಕ್ಕಳಿಗೆ ಕಲಿಸುವ ಆಸೆಯಿದ್ದರೆ 2 ವರ್ಷದ ವಿಶೇಷ ಡಿ.ಎಡ್. (ವಿಶೇಷ ಶಿಕ್ಷಣದ ಡಿಪ್ಲೊಮಾ) ನೋಡಿ. ವಾಕ್-ಶ್ರವಣದ ಕಡೆ ಒಲವಿದ್ದರೆ ಮೈಸೂರಿನ ಆಯಿಷ್‌ನಲ್ಲಿ (ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ) ಡಿಪ್ಲೊಮಾ ಇದೆ. ಕೃತಕ ಕಾಲು, ಗಾಲಿಕುರ್ಚಿಯ ಕೆಲಸಕ್ಕೆ ಬೆಂಗಳೂರಿನ ಮೊಬಿಲಿಟಿ ಇಂಡಿಯಾದಲ್ಲಿ ವಿಚಾರಿಸಿ.

ಜನ ಮೋಸ ಹೋಗುವುದು ಸೇರುವ ಹೊತ್ತಿಗೇ. 'ನಮ್ಮ ಸಂಸ್ಥೆಗೆ ಮಾನ್ಯತೆಯಿದೆ' ಎಂದರೆ ಸಾಲದು. ಮಾನ್ಯತೆ ಸಿಗುವುದು ಒಂದೊಂದು ಕೋರ್ಸಿಗೆ, ಅದೂ ಇಂತಿಷ್ಟು ವರ್ಷಕ್ಕೆ. ಆರ್‌ಸಿಐ ಜಾಲತಾಣದ ಪಟ್ಟಿಯಲ್ಲಿ ಸಂಸ್ಥೆ, ಕೋರ್ಸು, ನೀವು ಸೇರುವ ವರ್ಷ ಮೂರೂ ಹೊಂದಿಕೆಯಾಗುತ್ತವೆಯೇ ಎಂದು ನೋಡಿಯೇ ಶುಲ್ಕ ಕಟ್ಟಿ. ಕೌಶಲ ಕೇಂದ್ರಗಳ 'ಹೋಮ್ ಹೆಲ್ತ್ ಏಡ್' ತರಬೇತಿ ಆಸ್ಪತ್ರೆ, ಮನೆ ಆರೈಕೆಯ ಕೆಲಸಕ್ಕೆ ಒಳ್ಳೆಯದೇ. ಆದರೆ ಅದರಿಂದ ಆರ್‌ಸಿಐ ನೋಂದಣಿ ಸಂಖ್ಯೆ ಸಿಗುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರಿನ ಕಾಗುಣಿತ, ಇನಿಷಿಯಲ್ ಒಂದೇ ಇವೆಯೇ ಎಂದು ಅರ್ಜಿಗೆ ಮುಂಚೆಯೇ ನೋಡಿಕೊಳ್ಳಿ.

ಇನ್ನು ಕೈಕೆಲಸ. ಲಕ್ವ ಹೊಡೆದವರನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸುವುದೊಂದನ್ನೇ ತೆಗೆದುಕೊಳ್ಳಿ. ಕಲಿತವರು ಯಾರು, ಕಲಿಯದವರು ಯಾರು ಎಂಬುದು ಅಲ್ಲೇ ಗೊತ್ತಾಗುತ್ತದೆ. ಕುರ್ಚಿಯನ್ನು ಬಲವಿರುವ ಮಗ್ಗುಲಿಗೆ, ಹಾಸಿಗೆಗೆ 30ರಿಂದ 45 ಡಿಗ್ರಿ ಓರೆಯಾಗಿ ಇಡಿ. ಎರಡೂ ಬ್ರೇಕ್ ಹಾಕಿ. ಕಾಲಿಡುವ ಹಲಗೆಗಳನ್ನು ಮಡಚಿ. ಮರೆತರೆ ಅವರು ಅದರ ಮೇಲೇ ಕಾಲೂರಿ ಕುರ್ಚಿ ಮುಂದಕ್ಕೆ ಮಗುಚುತ್ತದೆ. ಅವರನ್ನು ಹಾಸಿಗೆಯ ಅಂಚಿಗೆ ಸರಿಸಿ, ಪಾದಗಳು ಪೂರ್ತಿ ನೆಲಕ್ಕೆ ತಾಗಿ ಮಂಡಿಗಿಂತ ತುಸು ಹಿಂದಿರಲಿ. ಸೋತ ಕಾಲಿನ ಮಂಡಿಗೆ ನಿಮ್ಮ ಮಂಡಿ ಆನಿಸಿ. ಏನು ಮಾಡುತ್ತೀರೆಂದು ಮೊದಲೇ ಹೇಳಿ, ಮೂರು ಎಣಿಸಿ, ಅವರು ಮುಂದಕ್ಕೆ ಚೆನ್ನಾಗಿ ಬಾಗಿದ ಮೇಲೆ ಏಳಿಸಿ ತಿರುಗಿಸಿ ಕೂರಿಸಿ. ಹಿಡಿತ ಸೊಂಟದ ಪಟ್ಟಿಯ ಮೇಲಿರಲಿ. ಕಂಕುಳಿಗೆ ಕೈಹಾಕಿ ಎತ್ತಿದರೆ, ಸೋತ ಕೈ ಹಿಡಿದೆಳೆದರೆ ಭುಜದ ಕೀಲು ಜಾರಬಹುದು. ಆ ನೋವು ತಿಂಗಳುಗಟ್ಟಲೆ ಉಳಿಯಬಹುದು. ನಿಮ್ಮ ಬೆನ್ನು ಉಳಿಯಬೇಕಾದರೆ ಸೊಂಟ ಬಗ್ಗಿಸಬೇಡಿ, ಮಂಡಿ ಮಡಚಿ.

ಹಾಸಿಗೆ ಹಿಡಿದವರನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಸಾಮಾನ್ಯ ಲೆಕ್ಕ. ಚರ್ಮದ ಮೇಲಿನ ಕೆಂಪು ಒತ್ತಿದರೂ ಮಾಸದಿದ್ದರೆ ಅದು ಹುಣ್ಣಿನ ಮೊದಲ ಹಂತ: ಅಲ್ಲಿ ಉಜ್ಜಬೇಡಿ, ಭಾರ ತೆಗೆಯಿರಿ. ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಇವತ್ತಿಗೂ ನಡೆಯುತ್ತಿದೆ. ಕಬ್ಬಿಣದಿಂದ ಏನೂ ಆಗುವುದಿಲ್ಲ. ಚಮಚದಿಂದ ಹಲ್ಲು ಮುರಿಯುತ್ತದೆ. ಸುತ್ತ ಇರುವ ಗಟ್ಟಿ ವಸ್ತು ಸರಿಸಿ, ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಕಾನೂನಿನಲ್ಲಿ ಇಷ್ಟಾದರೂ ಬಾಯಲ್ಲಿರಲಿ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಮೀಸಲಾತಿಯಂಥ ಸವಲತ್ತಿಗೆ ಕನಿಷ್ಠ ಶೇ. 40 ವೈಕಲ್ಯ ಇರಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ.

ಮಾಡಿದ ಕೆಲಸವನ್ನು ಅವತ್ತೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. 'ಮನೆ ಭೇಟಿ ಮಾಡಲಾಯಿತು' ಎಂಬ ಸಾಲಿಗೆ ಬೆಲೆಯಿಲ್ಲ. 'ವಯಸ್ಸು 7, ಸೆರೆಬ್ರಲ್ ಪಾಲ್ಸಿ. ನೆಟ್ಟಗೆ ಕೂರಿಸಿ ಗದ್ದ ತುಸು ತಗ್ಗಿಸಿ ತಿನ್ನಿಸಲು ತಾಯಿಗೆ ಕಲಿಸಿದೆ. ಮೂರನೇ ವಾರಕ್ಕೆ ಕೆಮ್ಮು ಕಡಿಮೆ' ಎಂದು ಬರೆದರೆ ಸಂದರ್ಶನದಲ್ಲಿ ಅದೇ ಮಾತಾಡುತ್ತದೆ. ಹೆಸರು, ಫೋಟೊ ಬೇಡ; ಅದು ಆ ಕುಟುಂಬದ ಸ್ವಂತ ವಿಷಯ. ಥೆರಪಿಸ್ಟ್ ತೋರಿಸಿಕೊಟ್ಟ ವ್ಯಾಯಾಮವನ್ನಷ್ಟೇ ಮಾಡಿಸಿ, ಯಾರು ಯಾವತ್ತು ಹೇಳಿಕೊಟ್ಟರೆಂದೂ ಬರೆಯಿರಿ.

ಕೋರ್ಸು ಮುಗಿದ ಕೂಡಲೇ ಆರ್‌ಸಿಐ ನೋಂದಣಿಗೆ ಅರ್ಜಿ ಹಾಕಿ. ಹುದ್ದೆಯ ಜಾಹೀರಾತು ಬಂದ ಮೇಲೆ ಓಡಾಡಿದರೆ ಕೊನೇ ದಿನಾಂಕ ದಾಟಿಹೋಗುತ್ತದೆ. ನೋಂದಣಿಯ ನವೀಕರಣಕ್ಕೆ ಸಿ.ಆರ್.ಇ. (ನಿರಂತರ ಪುನರ್ವಸತಿ ಶಿಕ್ಷಣ) ಅಂಕಗಳು ಬೇಕು, ಅವು ಮುಖ್ಯವಾಗಿ ಸಿಗುವುದು ಆರ್‌ಸಿಐ ಒಪ್ಪಿದ ಕಾರ್ಯಾಗಾರಗಳಲ್ಲಿ. ಹೆಸರು ಕೊಡುವ ಮುನ್ನ ಎಷ್ಟು ಅಂಕ ಎಂದು ಕೇಳಿ, ವರ್ಷಕ್ಕೆ ಒಂದೆರಡಕ್ಕಾದರೂ ಹೋಗಿ, ಪ್ರಮಾಣಪತ್ರವನ್ನು ಅವತ್ತೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.