ಹಳೇ ಬೀದಿಯನ್ನು ಕಾಗದಕ್ಕೆ ಇಳಿಸುವುದು ಹೇಗೆ

ಮನೆ ಪ್ಲಾನ್ ಬರೆದುಕೊಡುವುದು ನನ್ನ ಕಸುಬು. ಕೋಲಾರದ ಕೋಟೆ, ಕುರುಬರಪೇಟೆ, ಕಠಾರಿಪಾಳ್ಯದ ಕಡೆಯಿಂದ ನನ್ನ ಹತ್ತಿರ ಬರುವವರಲ್ಲಿ ಹಳೇ ಮನೆ ಕೆಡವಿ ಮೂರಂತಸ್ತು ಎಬ್ಬಿಸುವವರೇ ಜಾಸ್ತಿ. ಬೇಡ ಅನ್ನೋಕೆ ನಾನ್ಯಾರು? ಸೋರುವ ಸೂರಿನ ಕೆಳಗೆ ಮಲಗುವವರು ಅವರು. ಆದರೆ ಕೆಡವುವ ಮುಂಚೆ ಆ ಮನೆಯನ್ನು, ಸಾಧ್ಯವಾದರೆ ಇಡೀ ಬೀದಿಯನ್ನು ಬರೆದಿಡಬಹುದು. ಒಂದು ಟೇಪು, ಒಂದು ಫೋನು, ಚೌಕುಳಿ ಗೆರೆಯ ಪುಸ್ತಕ ಇದ್ದರೆ ಸಾಕು. ಎಂಜಿನಿಯರಿಂಗ್ ಓದಿರಬೇಕಿಲ್ಲ.

ಬೀದಿಯನ್ನೇ ಲೆಕ್ಕಕ್ಕೆ ಹಿಡಿಯುವ ಪದ್ಧತಿಯನ್ನು ನಾನು ಅಮೆರಿಕದವರಿಂದ ತೆಗೆದುಕೊಂಡೆ. ಅಲ್ಲಿನ ಹಳ್ಳಿಗಾಡಿನ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಯಂಥವುಗಳಲ್ಲಿ, ಒಂದು ಕೋರ್ಟು, ಒಂದು ಬ್ಯಾಂಕು, ಎರಡು ಸಾಲು ಅಂಗಡಿ ಇರುವ ಪೇಟೆಯನ್ನು ಒಟ್ಟಾಗಿ ಹಿಸ್ಟಾರಿಕ್ ಡಿಸ್ಟ್ರಿಕ್ಟ್, ಅಂದರೆ ಐತಿಹಾಸಿಕ ಪ್ರದೇಶ, ಅಂತ ಐತಿಹಾಸಿಕ ಜಾಗಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸುತ್ತಾರೆ. 1966ರ ಕಾನೂನಿನಿಂದ ಬಂದ ಪಟ್ಟಿ ಅದು. ಅರಮನೆಯೇ ಇರಬೇಕು ಅಂತಿಲ್ಲ. ಸಾಮಾನ್ಯವಾಗಿ 50 ವರ್ಷ ದಾಟಿರಬೇಕು. ಗಡಿಯೊಳಗಿನ ಪ್ರತಿ ಕಟ್ಟಡವನ್ನೂ ಪಟ್ಟಿ ಮಾಡಿ, ಇದು ಬೀದಿಯ ಹಳೇ ಗುಣಕ್ಕೆ ಸೇರುತ್ತದೆ, ಇದು ಸೇರುವುದಿಲ್ಲ ಅಂತ ಬೇರೆ ಮಾಡುತ್ತಾರೆ. ಸ್ವಂತ ದುಡ್ಡಿನಲ್ಲಿ ಮನೆ ಕೆಡವುವ ಯಜಮಾನನನ್ನು ಆ ಪಟ್ಟಿ ತಡೆಯುವುದೂ ಇಲ್ಲ. ಅಲ್ಲಿ ತಡೆ ಇದ್ದರೆ ಅದು ಊರಿನ ನಿಯಮದಿಂದ.

ನೀವೂ ಮೊದಲು ಗಡಿ ಹಾಕಿಕೊಳ್ಳಿ. ಅರಳಿಕಟ್ಟೆಯಿಂದ ಗುಡಿಯವರೆಗೆ, ಎರಡೂ ಬದಿ, ಅಷ್ಟೇ. ಆಸೆಬುರುಕತನ ಬೇಡ. ಮನೆಗಳಿಗೆ ನಿಮ್ಮದೇ ನಂಬರು ಕೊಡಿ, ಏಕೆಂದರೆ ಬಾಗಿಲ ಮೇಲಿನ ನಂಬರು ಬದಲಾಗುತ್ತಲೇ ಇರುತ್ತದೆ. ಪೂರ್ವಕ್ಕೆ ಮುಖ ಮಾಡಿದ ಮನೆಗಳ ಫೋಟೋ ಬೆಳಿಗ್ಗೆ, ಪಶ್ಚಿಮದವು ಸಂಜೆ. ನೇರ ಎದುರಿಗೆ ನಿಂತು ತೆಗೆಯಿರಿ. ಅಡ್ಡ ನಿಲ್ಲಿಸಿದ ಸ್ಕೂಟರು ಯಾರದು ಅಂತ ಕೇಳುವುದೇ ಮಾತು ಶುರು ಮಾಡಲು ಒಳ್ಳೆ ನೆಪ.

ಎಲ್ಲರೂ ಮನೆಯ ಮುಖ ನೋಡುತ್ತಾರೆ. ನಾನು ಸೂರು ನೋಡು ಅನ್ನುತ್ತೇನೆ. ಮುಖ ಬೇಗ ಬದಲಾಗುತ್ತದೆ: ಜಗಲಿ ಒಡೆದು ಶಟರ್ ಹಾಕುತ್ತಾರೆ, ಗೋಡೆಗೆ ಟೈಲ್ಸ್ ಅಂಟಿಸುತ್ತಾರೆ. ಸೂರಿಗೆ ಕೈ ಹಾಕಲು ದುಡ್ಡು ಬೇಕು, ಹಾಗಾಗಿ ಅದು ಉಳಿದಿರುತ್ತದೆ.

ನಮ್ಮ ಕಡೆ ಬಂಡೆ ಧಾರಾಳ. ಗೋಡೆಯಿಂದ ಗೋಡೆಗೆ ಕಲ್ಲು ಚಪ್ಪಡಿ ಹೊದಿಸಿದ ಮನೆಗಳು ಈಗಲೂ ಸಿಗುತ್ತವೆ. ಸೂರಿನ ಅಂಚಿನಲ್ಲಿ ಚಪ್ಪಡಿಯ ತುದಿ ನೋಡಿ. ಬೆಣೆ ಹೊಡೆದು ಸೀಳಿದ ಕುಳಿಗಳು ಸಾಲಾಗಿ ಕಾಣಿಸಿದರೆ ಎರಡು ಕುಳಿಗಳ ನಡುವಿನ ಅಂತರ ಅಳೆದು ಬರೆಯಿರಿ. ಪಕ್ಕದ ಮನೆಯಲ್ಲೂ ಅದೇ ಅಂತರ ಸಿಕ್ಕಿದರೆ, ಎರಡಕ್ಕೂ ಒಂದೇ ಗುಂಪಿನ ಕಲ್ಲುಕುಟಿಗರು ಕೆಲಸ ಮಾಡಿರಬಹುದಾ ಅಂತ ವಿಚಾರಿಸಬಹುದು. ಇನ್ನು ಕೆಲವು ಮನೆಗಳಲ್ಲಿ ಮದ್ರಾಸ್ ತಾರಸಿ. ಒಳಗೆ ನಿಂತು ತಲೆ ಎತ್ತಿದರೆ ಒತ್ತೊತ್ತಾಗಿ ಮರದ ಜಂತೆ, ಅದರ ಮೇಲೆ ಸಣ್ಣ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆ ತುಂಬಿರುತ್ತಾರೆ. ಮಣ್ಣಿನ ಮಾಳಿಗೆಯಾದರೆ ಹುಷಾರು, ಮೇಲೆ ಹತ್ತಬೇಡಿ.

ಮಂಗಳೂರು ಹೆಂಚಿನ ಮನೆ ಸಿಕ್ಕಿದರೆ ಹಬ್ಬ. ಒಡೆದು ಹಿತ್ತಲಲ್ಲಿ ಬಿದ್ದಿರುವ ಹೆಂಚನ್ನು ತಿರುವಿ, ಧೂಳು ಒರೆಸಿ ನೋಡಿ: ಕಾರ್ಖಾನೆಯ ಹೆಸರು, ಊರು, ಒಮ್ಮೊಮ್ಮೆ ಒಂದು ಪ್ರಾಣಿಯ ಚಿತ್ರ ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚು ಶುರು ಮಾಡಿದ್ದು 1865ರಲ್ಲಿ. ಅಂದರೆ ಆ ಸೂರು ಅದಕ್ಕಿಂತ ಹಳೆಯದಲ್ಲ. ಗೋಡೆ ಇರಬಹುದು. ಹೆಂಚು ಬೇರೆ ಮನೆಯಿಂದ ಇಳಿಸಿ ತಂದದ್ದೂ ಇರಬಹುದು, ಕೇಳಿ ಬರೆದುಕೊಳ್ಳಿ. ಅಮೆರಿಕದ ಪೇಟೆಗಳಲ್ಲಿ ಇದೇ ಕೆಲಸಕ್ಕೆ ಅಂಗಡಿ ಮುಂದಿನ ಕಬ್ಬಿಣದ ಕಂಬದ ಬುಡ ನೋಡುತ್ತಾರೆ. ಮೆಸ್ಕರ್ ಕುಟುಂಬದ ಕಂಪನಿಗಳು ಕ್ಯಾಟಲಾಗ್ ಕಳಿಸಿ, ಅಂಗಡಿಯ ಇಡೀ ಮುಂಭಾಗವನ್ನೇ ರೈಲಿನಲ್ಲಿ ಕಳಿಸುತ್ತಿದ್ದ ಕಾಲದ ಗುರುತು ಅಲ್ಲಿರುತ್ತದೆ.

ಅವರಿಗೆ ಸ್ಯಾನ್‌ಬಾರ್ನ್ ಕಂಪನಿಯ ಬೆಂಕಿ ವಿಮೆ ನಕ್ಷೆಗಳ ಅನುಕೂಲವೂ ಇದೆ. ಒಂದೊಂದು ಕಟ್ಟಡಕ್ಕೂ ಬಣ್ಣ ಹಾಕಿ ತೋರಿಸಿದ ನಕ್ಷೆ ಅವು: ಇಟ್ಟಿಗೆ ಕಟ್ಟಡ ಗುಲಾಬಿ, ಮರದ್ದು ಹಳದಿ. ನಮಗೆ ಆ ಕೆಲಸ ಮಾಡಿಕೊಡುವುದು ಕ್ರಯಪತ್ರದ ಚಕ್ಕುಬಂದಿ. 'ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಹಿತ್ತಲು, ಉತ್ತರಕ್ಕೆ ಗಾಣದ ಮನೆ' ಅಂತ ಇರುತ್ತದಲ್ಲ, ಅದು. ಒಬ್ಬರ ಪತ್ರದಲ್ಲಿ ಉತ್ತರಕ್ಕಿರುವ ಮನೆಯವರ ಪತ್ರದಲ್ಲಿ ದಕ್ಷಿಣಕ್ಕೆ ಏನು ಬರೆದಿದೆ ಅಂತ ನೋಡಿ. ಹೀಗೆ ಒಂದಕ್ಕೊಂದು ಕೂಡಿಸುತ್ತಾ ಹೋದರೆ ಈಗಿಲ್ಲದ ಗಾಣ, ಮುಚ್ಚಿದ ಬಾವಿ, ಒತ್ತುವರಿಯಾದ ಓಣಿ ಎಲ್ಲ ಎದ್ದು ಬರುತ್ತವೆ. ಒತ್ತುವರಿ ಸುದ್ದಿ ಮಾತ್ರ ಬಾಯಿಬಿಟ್ಟು ಆಡಬೇಡಿ, ಜಗಳ ಆಗುತ್ತದೆ. ಪತ್ರದ ಫೋಟೋ ತೆಗೆಯಬೇಡಿ. ಮನೆಯವರ ಎದುರೇ ಕೂತು ಆ ನಾಲ್ಕು ಸಾಲು ಮಾತ್ರ ಬರೆದುಕೊಳ್ಳಿ.

ಪತ್ರ ಯಾರು ತೋರಿಸುತ್ತಾರೆ? ಟೇಪು ಹಿಡಿದು ಬಂದವನನ್ನು ಕಂಡರೆ ಜನಕ್ಕೆ ಕಂದಾಯ, ರಸ್ತೆ ಅಗಲೀಕರಣ ಇವೇ ನೆನಪಾಗುವುದು. ಆ ಬೀದಿಯವರೇ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, 'ಅಮ್ಮಾ, ನಗರಸಭೆಯಿಂದ ಬಂದಿಲ್ಲ' ಅಂತ ಮೊದಲೇ ಹೇಳಿಬಿಡಿ. ಮನೆಯ ಅಜ್ಜಿಯನ್ನು ಕೇಳುವುದು ಮರೆಯಬೇಡಿ. ಯಜಮಾನರಿಗೆ ಯಾವ ವರ್ಷ ಕೊಂಡದ್ದು ಅನ್ನುವುದು ಗೊತ್ತಿರುತ್ತದೆ. ರಾಗಿ ಎಲ್ಲಿ ಇಡುತ್ತಿದ್ದರು, ಹೊಗೆಗೆ ಬೆಳಕಿಂಡಿ ಎಲ್ಲಿತ್ತು, ಯಾವ ಗೋಡೆ ಆಮೇಲೆ ಎದ್ದದ್ದು ಅನ್ನುವುದು ಅಜ್ಜಿಗೆ ಗೊತ್ತಿರುತ್ತದೆ.

ಕೋಲಾರಮ್ಮ, ಸೋಮೇಶ್ವರ ಗುಡಿಗಳ ಸುತ್ತಮುತ್ತಲ ಮನೆಯಾದರೆ ಇನ್ನೊಂದು ಸಾಲು ಸೇರಿಸಿ: ಗುಡಿಯ ರಕ್ಷಿತ ಗಡಿಯಿಂದ ಮನೆ ಎಷ್ಟು ದೂರ. ಎರಡೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಪುರಾತನ ಸ್ಮಾರಕಗಳ ಕಾನೂನಿನ 2010ರ ತಿದ್ದುಪಡಿಯಂತೆ ರಕ್ಷಿತ ಜಾಗದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ರಿಪೇರಿಗೂ ಕೇಳಬೇಕು. ಪ್ಲಾನ್ ಬರೆಸುವ ಮುಂಚೆಯೇ ಇದನ್ನು ವಿಚಾರಿಸಿಕೊಂಡರೆ ಮನೆಯವರ ದುಡ್ಡು ಉಳಿಯುತ್ತದೆ.

ಕೊನೆಗೆ ಒಂದು ಮನೆಗೆ ಒಂದು ಹಾಳೆ: ನಂಬರು, ಫೋಟೋ, ಸೂರು, ಗೋಡೆ, ಅಳತೆ, ಅಜ್ಜಿ ಹೇಳಿದ್ದು, ಬೀದಿಯ ಹಳೇ ಗುಣಕ್ಕೆ ಸೇರುತ್ತದೋ ಇಲ್ಲವೋ. ಎಲ್ಲವನ್ನೂ ಫೋನಿನಲ್ಲೇ ಬಿಟ್ಟರೆ ಫೋನಿನ ಜೊತೆಗೇ ಹೋಗುತ್ತದೆ. ಮೂರು ಪ್ರತಿ ಪ್ರಿಂಟ್ ಹಾಕಿಸಿ. ಒಂದು ನಿಮಗೆ, ಒಂದು ಊರಿನ ಲೈಬ್ರರಿಗೆ. ಮೂರನೆಯದನ್ನು ಬಿಡಿಸಿ, ಅವರವರ ಹಾಳೆ ಅವರವರ ಮನೆಗೆ ಕೊಡಿ.